ಹೊಸ ಬೋಟು ನಿಮ್ಮ ಸ್ಲಿಪ್ಪಿನಲ್ಲಿ ಹಿಡಿಸುತ್ತಾ? ಅಡ್ವಾನ್ಸ್ ಕೊಡುವ ಮೊದಲು ಅಳೆದು ನೋಡಿ

ಬೋಟು ಒಮ್ಮೆ ಮನಸ್ಸಿಗೆ ಹಿಡಿಸಿತು ಅಂದರೆ ಅಳತೆಯ ಮಾತು ಯಾರಿಗೂ ಬೇಡ. ನನಗೂ ಹಾಗೇ ಆಗಿತ್ತು. ನನ್ನ ಸ್ಲಿಪ್, ಅಂದರೆ ಮರೀನಾ ಅನ್ನುವ ಬೋಟು ನಿಲ್ದಾಣದಲ್ಲಿ ಒಂದು ಬೋಟು ಕಟ್ಟಿಡುವ ಜಾಗ, 10 ಮೀಟರ್, ನೋಡಿಟ್ಟ ಬೋಟಿನ ಕಾಗದದಲ್ಲಿ 9.6 ಮೀಟರ್. ಇನ್ನೇನು ಬೇಕು ಅಂತ ದುಡ್ಡು ಕೊಟ್ಟು ತಂದುಬಿಟ್ಟೆ. ತಂದು ಕಟ್ಟಿ, ಹಿಂದಿನ ಔಟ್‌ಬೋರ್ಡ್ ಎಂಜಿನ್ ಮೇಲಕ್ಕೆ ಎತ್ತಿದೆ ನೋಡಿ, ಆಗ ಗೊತ್ತಾಯಿತು. ಆ 9.6 ಮೀಟರಿನಲ್ಲಿ ಎಂಜಿನ್ನಿನ ಲೆಕ್ಕವೇ ಇರಲಿಲ್ಲ! ಪ್ರೊಪೆಲರ್ ಸ್ಲಿಪ್ಪಿನ ಬಾಯಿ ದಾಟಿ, ಬೇರೆ ಬೋಟುಗಳು ಓಡಾಡುವ ದಾರಿಗೆ ಚಾಚಿಕೊಂಡು ನಿಂತಿತ್ತು. ಎಂಜಿನ್ ಇಳಿಸಿಯೇ ಇಟ್ಟರೆ ಅದರ ಕಾಲಿಗೆ ಪಾಚಿ, ಚಿಪ್ಪು ಹತ್ತುತ್ತದೆ. ಎತ್ತಿಟ್ಟರೆ ಪಕ್ಕದವರ ಬೋಟಿಗೆ ಗೀರು ಬೀಳುತ್ತದೆ. ಕೊನೆಗೆ ದೊಡ್ಡ ಸ್ಲಿಪ್ ಖಾಲಿಯಾಗುವವರೆಗೆ ಕಾದು, ಜಾಸ್ತಿ ಬಾಡಿಗೆ ಕೊಟ್ಟು ಅಲ್ಲಿಗೆ ಹೋದೆ.

ಮಾರುವವರ ಕಾಗದದಲ್ಲಿರುವ ಬೋಟೇ ಬೇರೆ, ಸ್ಲಿಪ್ಪಿನಲ್ಲಿ ಬಂದು ಮಲಗುವ ಬೋಟೇ ಬೇರೆ. ನೀವು ಅಳೆಯಬೇಕಾದ್ದು ಎರಡನೆಯದನ್ನು. ಅದೂ ನೀರು ಅತಿ ಕಡಿಮೆ ಇರುವ ಹೊತ್ತಿಗೆ, ಸ್ಲಿಪ್ಪಿನ ಅತಿ ಕಿರಿದಾದ ಜಾಗದಲ್ಲಿ ಅದು ಹೇಗಿರುತ್ತದೆ ಅಂತ ನೋಡಬೇಕು.

ಕೈಯಲ್ಲಿ ಇರಬೇಕಾದ ಸಾಮಾನು ದೊಡ್ಡದೇನಿಲ್ಲ. ಉದ್ದನೆಯ ಅಳತೆ ಟೇಪು, ಸೀಮೆಸುಣ್ಣ, ಗಾರೆ ಕೆಲಸದವರ ತೂಗುಗುಂಡು, ತುದಿಗೆ ಭಾರ ಕಟ್ಟಿದ ಗುರುತು ಹಾಕಿದ ಹಗ್ಗ, ಒಂದು ಉದ್ದನೆಯ ಬಿದಿರುಗಳ, ನೋಟ್‌ಬುಕ್. ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೆ ಒಬ್ಬ ಸ್ನೇಹಿತ. ಅರ್ಧ ದಿನ ಸಾಕು.

ಮೊದಲೇ ಒಂದು ಮಾತು. ಅಡಿಯಲ್ಲಿ ಅಳೆಯುತ್ತೀರೋ ಮೀಟರಿನಲ್ಲೋ, ಒಂದನ್ನು ಗಟ್ಟಿ ಮಾಡಿಕೊಳ್ಳಿ. 1 ಅಡಿ ಅಂದರೆ 0.3048 ಮೀಟರ್. 40 ಅಡಿ ಅಂದರೆ 12.19 ಮೀಟರ್. ಬಾಯಿಮಾತಿನಲ್ಲಿ "ನಲವತ್ತು ಅಡಿ, ಹನ್ನೆರಡು ಮೀಟರ್, ಎರಡೂ ಒಂದೇ" ಅನ್ನುತ್ತಾರಲ್ಲ, ಅಲ್ಲೇ 19 ಸೆಂಟಿಮೀಟರ್ ಹೋಯಿತು.

ಹಂತ 1: ಬೋಟಿನ ನಿಜವಾದ ಉದ್ದ

ಬೋಟಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಹೆಸರಿನಲ್ಲಿ 36 ಇದ್ದರೆ ಅದು 36 ಅಡಿ ಅಂತ ಅರ್ಥವಲ್ಲ. ಅದು ಮಾಡೆಲ್ಲಿನ ಹೆಸರು, ಅಷ್ಟೇ.

ಕಾಗದದಲ್ಲಿ ಸಾಮಾನ್ಯವಾಗಿ ಎರಡು ಮೂರು ಥರದ ಉದ್ದ ಬರೆದಿರುತ್ತಾರೆ. ಒಂದು, ಒಡಲಿನ ಉದ್ದ. ಬೋಟುಗಳ ಅಳತೆಗೆ ಐಎಸ್‌ಒ 8666 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಒಡಲಿನ ಉದ್ದದಲ್ಲಿ ಬಿಚ್ಚಿ ತೆಗೆಯಬಹುದಾದ ಭಾಗಗಳು ಸೇರುವುದಿಲ್ಲ. ಮುಂದಕ್ಕೆ ಚಾಚಿದ ಬೋಸ್ಪ್ರಿಟ್ ಅನ್ನುವ ಕಂಬ, ಮೂತಿಯ ಕಂಬಿ, ಔಟ್‌ಬೋರ್ಡ್ ಎಂಜಿನ್ ಎಲ್ಲ ಹೊರಗೆ. ಇನ್ನೊಂದು, ನೀರಿನ ಮಟ್ಟದಲ್ಲಿ ಅಳೆದ ಉದ್ದ. ವೇಗದ ಲೆಕ್ಕಕ್ಕೆ ಅದು ಬೇಕು, ಸ್ಲಿಪ್ಪಿಗೆ ಏನೂ ಪ್ರಯೋಜನವಿಲ್ಲ. ನಮಗೆ ಬೇಕಾದ್ದು ಎಲ್‌ಒಎ, ಅಂದರೆ ತುದಿಯಿಂದ ತುದಿಗೆ ಪೂರ್ತಿ ಉದ್ದ. ಅದನ್ನು ಕೂಡ ಕಂಪನಿಗೊಂದು ಥರ, ಮಾರುವವರಿಗೊಂದು ಥರ ಬರೆಯುತ್ತಾರೆ. ಹಾಗಾಗಿ ನೀವೇ ಅಳೆಯುವುದು ವಾಸಿ.

ಬೋಟು ನೆಲದ ಮೇಲೆ ನಿಂತಿದ್ದರೆ ಅಳೆಯುವುದು ಸುಲಭ. ಮುಂದಕ್ಕೆ ಎಲ್ಲಕ್ಕಿಂತ ಹೆಚ್ಚು ಚಾಚಿದ ಬಿಂದುವಿನಿಂದ ತೂಗುಗುಂಡು ಇಳಿಬಿಡಿ. ಅದು ನೆಲ ಮುಟ್ಟಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಿಂದೆಯೂ ಹಾಗೇ ಮಾಡಿ. ಎರಡು ಗುರುತುಗಳ ನಡುವೆ ಟೇಪು ಎಳೆಯಿರಿ. ಡೆಕ್ಕಿನ ಮೇಲೆ ಟೇಪು ಹಾಸಿ ಅಳೆಯಬೇಡಿ, ಅದರ ಏರಿಳಿತದಲ್ಲಿ ಲೆಕ್ಕ ತಪ್ಪುತ್ತದೆ. ಬೋಟು ನೀರಿನಲ್ಲೇ ಇದ್ದರೆ ನೇರವಾದ ಕಟ್ಟೆಗೆ ಒತ್ತಿ ಕಟ್ಟಿಸಿ, ಎರಡು ತುದಿಗಳ ನೇರಕ್ಕೆ ಕಟ್ಟೆಯ ಮೇಲೆ ಗುರುತು ಹಾಕಿ ಅಳೆಯಿರಿ.

ಯಾವುದು ತುದಿ ಅನ್ನುವುದರಲ್ಲೇ ಜನ ಎಡವುತ್ತಾರೆ. ಮುಂದೆ ಲಂಗರು ಅದರ ರೋಲರ್ ಮೇಲೆ ಕೂತಾಗ ಎಷ್ಟು ಚಾಚುತ್ತದೆ, ಅದು ತುದಿ. ಹಿಂದೆ ಈಜಾಡಲು ಇಳಿಯುವ ಪ್ಲಾಟ್‌ಫಾರ್ಮ್, ಅದರಾಚೆ ಮಡಚುವ ಏಣಿ, ಎತ್ತಿಟ್ಟ ಔಟ್‌ಬೋರ್ಡ್. ಔಟ್‌ಬೋರ್ಡ್ ಎತ್ತಿದಷ್ಟೂ ಹಿಂದಕ್ಕೆ ಚಾಚುತ್ತದೆ, ಹಾಗಾಗಿ ಪೂರ್ತಿ ಎತ್ತಿಸಿಯೇ ಅಳೆಯಿರಿ. ಹಿಂಭಾಗದ ಕೊಕ್ಕೆಗಳಿಗೆ ಸಣ್ಣ ದೋಣಿ ನೇತುಹಾಕುವ ಯೋಚನೆ ಇದ್ದರೆ ಅದರ ಅಗಲವನ್ನೂ ಸೇರಿಸಿ. ಈಗ ಇಲ್ಲದ್ದನ್ನೂ ಸೇರಿಸಿ ಅನ್ನುತ್ತಿದ್ದೇನೆ. ಬೋಟು ಬಂದ ಮೊದಲ ವರ್ಷದಲ್ಲೇ ಹಿಂದೆ ಏನಾದರೊಂದು ಹಾಕಿಸದವರನ್ನು ನಾನಂತೂ ನೋಡಿಲ್ಲ.

ಉದಾಹರಣೆಗೆ ಒಡಲು 10.9 ಮೀಟರ್ ಅಂತಿಟ್ಟುಕೊಳ್ಳಿ. ಲಂಗರು 40 ಸೆಂಟಿಮೀಟರ್, ಪ್ಲಾಟ್‌ಫಾರ್ಮ್ 70. ಆಗಲೇ 12 ಮೀಟರ್ ಆಯಿತು. 12 ಮೀಟರ್ ಸ್ಲಿಪ್ಪಿನಲ್ಲಿ ಹಿಡಿಸುತ್ತದೆ ಅಂತ ಅಂದುಕೊಳ್ಳಬೇಡಿ. ಬೋಟು ಹಗ್ಗದ ಸಡಿಲಿನಲ್ಲಿ ಹಿಂದೆ ಮುಂದೆ ಆಡುತ್ತದೆ. ಮೂತಿ ಕಟ್ಟೆಗೆ ಬಡಿಯದ ಹಾಗೆ ಅರ್ಧ ಮೀಟರಾದರೂ ಬೇಕು.

ಹಂತ 2: ಅಗಲ. ಕಚ್ಚುವುದು ಇದೇ

ಉದ್ದ ಸ್ವಲ್ಪ ಜಾಸ್ತಿಯಾದರೆ ಮರೀನಾದವರು ಬಯ್ಯಬಹುದು, ಬಾಡಿಗೆ ಜಾಸ್ತಿ ಕೇಳಬಹುದು. ಅಗಲ ಜಾಸ್ತಿಯಾದರೆ ಬೋಟು ಒಳಗೇ ಹೋಗುವುದಿಲ್ಲ. ಆದರೂ ಎಲ್ಲರೂ ಉದ್ದದ ಬಗ್ಗೆಯೇ ಮಾತಾಡುತ್ತಾರೆ. ಅದೇ ಉದ್ದದ ಹಳೆಯ ಬೋಟುಗಳಿಗಿಂತ ಈಗಿನವು ಅಗಲ. ಹಿಂಭಾಗದವರೆಗೂ ಆ ಅಗಲ ಹಾಗೇ ಬರುತ್ತದೆ. ಹಳೆಯ ಮರೀನಾಗಳ ಸ್ಲಿಪ್ಪುಗಳನ್ನು ಆಗಿನ ಬೋಟಿಗೆ ಅಳೆದು ಕಟ್ಟಿದ್ದು, ಅಲ್ವಾ?

ಬೋಟಿನ ಅಗಲವನ್ನು ಅತಿ ಅಗಲವಾದ ಜಾಗದಲ್ಲಿ ಅಳೆಯಿರಿ. ಸುತ್ತಲೂ ಓಡುವ ರಬ್ಬರ್ ಪಟ್ಟಿಯೂ ಸೇರಬೇಕು. ಎರಡು ಕಡೆಯಿಂದ ತೂಗುಗುಂಡು ಇಳಿಬಿಟ್ಟರೆ ಇದೂ ಸುಲಭ. ಅದಕ್ಕೆ ಫೆಂಡರ್, ಅಂದರೆ ಬೋಟು ಕಟ್ಟೆಗೆ ಉಜ್ಜದಂತೆ ಬದಿಗೆ ಇಳಿಬಿಡುವ ಮೆತ್ತೆಯ ದಪ್ಪ ಸೇರಿಸಿ. ಈ ಗಾತ್ರದ ಬೋಟಿಗೆ ನೇತುಹಾಕುವ ಫೆಂಡರ್ ದಪ್ಪ 20ರಿಂದ 25 ಸೆಂಟಿಮೀಟರ್ ಇರುತ್ತದೆ, ಎರಡೂ ಬದಿಗೆ ಲೆಕ್ಕ ಹಾಕಿ. "ಒತ್ತಿದರೆ ಚಪ್ಪಟೆಯಾಗುತ್ತದಲ್ಲ" ಅನ್ನಬೇಡಿ. ಸದಾ ಒತ್ತಿಕೊಂಡೇ ಇರುವ ಫೆಂಡರ್ ಒಡಲಿನ ಬಣ್ಣ ಉಜ್ಜಿ ತೆಗೆಯುತ್ತದೆ.

ಇನ್ನು ಸ್ಲಿಪ್ಪಿನ ಅಗಲ. ಆಫೀಸಿನ ಪಟ್ಟಿಯಲ್ಲಿರುವ ಅಂಕಿ ಬೇಡ, ಟೇಪು ಹಿಡಿದು ಹೋಗಿ. ಬಾಯಿಯ ಹತ್ತಿರ, ನಡುವೆ, ಒಳತುದಿಯಲ್ಲಿ, ಹೀಗೆ ಮೂರು ಕಡೆ ಅಳೆಯಿರಿ. ನೀರಿನ ಮಟ್ಟದಲ್ಲೊಮ್ಮೆ, ಕಂಬಗಳ ಮೇಲ್ತುದಿಯಲ್ಲೊಮ್ಮೆ. ಕಂಬಗಳು ವರ್ಷಗಳಲ್ಲಿ ವಾಲಿರುತ್ತವೆ. ಎರಡೂ ಬದಿಗೆ ಚಾಚಿದ ಫಿಂಗರ್ ಅನ್ನುವ ಕಿರಿದಾದ ಕಾಲುಕಟ್ಟೆಗಳು ಒಂದಿಷ್ಟು ಡೊಂಕಾಗಿರುತ್ತವೆ. ಮೂಲೆಯಲ್ಲಿ ರಬ್ಬರ್ ಚಕ್ರ ಕೂರಿಸಿರುತ್ತಾರೆ, ಬದಿಗೆ ದಪ್ಪ ಪಟ್ಟಿ ಹೊಡೆದಿರುತ್ತಾರೆ. ಬಂದ ಅಳತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ನಿಮ್ಮ ಸ್ಲಿಪ್ಪಿನ ಅಗಲ. ಸರಾಸರಿ ತೆಗೆಯಬೇಡಿ, ಬೋಟಿಗೆ ಸರಾಸರಿ ಗೊತ್ತಿಲ್ಲ.

ನನ್ನದೊಂದು ಉಪಾಯ ಇದೆ. ಬಿದಿರುಗಳವನ್ನು ಬೋಟಿನ ಅಗಲ ಮತ್ತು ಎರಡು ಫೆಂಡರಿನ ದಪ್ಪ ಸೇರಿಸಿದಷ್ಟು ಉದ್ದಕ್ಕೆ ಕತ್ತರಿಸಿ. ಎರಡೂ ತುದಿಗೆ ಹಗ್ಗ ಕಟ್ಟಿ ನೀರಿನ ಮೇಲೆ ಬಿಡಿ. ಒಬ್ಬೊಬ್ಬರು ಒಂದೊಂದು ಫಿಂಗರ್ ಮೇಲೆ ನಡೆಯುತ್ತಾ ಗಳವನ್ನು ಅಡ್ಡಡ್ಡಲಾಗಿ ಬಾಯಿಯಿಂದ ಒಳತುದಿಯವರೆಗೆ ಎಳೆದುಕೊಂಡು ಹೋಗಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಬೋಟೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೋಡುವವರು ನಗುತ್ತಾರೆ, ನಗಲಿ. ಗಳ ಸರಾಗವಾಗಿ ಹೋಗಿ, ಮೇಲೆ ಒಟ್ಟು ಅರ್ಧ ಮೀಟರ್ ಮಿಕ್ಕರೆ ನನಗೆ ಸಮಾಧಾನ.

ಇದು ಒಂಟಿ ಸ್ಲಿಪ್ಪಿನ ಮಾತು. ಎರಡು ಬೋಟು ಒಂದೇ ಜಾಗ ಹಂಚಿಕೊಳ್ಳುವ, ನಡುವೆ ಕಂಬವೂ ಇಲ್ಲದ ಜೋಡಿ ಸ್ಲಿಪ್ ಆದರೆ ಪಕ್ಕದವರ ಬೋಟನ್ನೂ ಅಳೆಯಬೇಕು. ಒಟ್ಟು ಜಾಗ 9 ಮೀಟರ್, ನಿಮ್ಮದು 3.8, ಅವರದು 4 ಅಂತಿಟ್ಟುಕೊಳ್ಳಿ. ಉಳಿದದ್ದು 1.2 ಮೀಟರ್. ಎರಡು ಬೋಟಿನ ನಾಲ್ಕು ಬದಿಗೆ ತಲಾ 20 ಸೆಂಟಿಮೀಟರಿನ ಫೆಂಡರ್, ಅಲ್ಲಿಗೆ 80 ಹೋಯಿತು. ಕೈಗೆ ಸಿಕ್ಕಿದ್ದು 40 ಸೆಂಟಿಮೀಟರ್. ಗಾಳಿ ಇಲ್ಲದ ದಿನ ಪರವಾಗಿಲ್ಲ. ಅಡ್ಡಗಾಳಿ ಬೀಸುವ ದಿನ ನೀವು ಪಕ್ಕದವರ ಮೇಲೆಯೇ ಹೋಗಿ ಒರಗುತ್ತೀರಿ. ಅವರೂ ಮುಂದಿನ ವರ್ಷ ದೊಡ್ಡ ಬೋಟು ತಂದರೆ? ಜೋಡಿ ಸ್ಲಿಪ್ಪಿನಲ್ಲಿ ಒಂದು ಬೋಟಿಗೆ ಗರಿಷ್ಠ ಎಷ್ಟು ಅಗಲಕ್ಕೆ ಅನುಮತಿ ಅಂತ ಆಫೀಸಿನಲ್ಲಿ ಕೇಳಿ ಬರೆಸಿಕೊಳ್ಳಿ.

ಎರಡು ಒಡಲಿನ ಕ್ಯಾಟಮರಾನ್ ಕೊಳ್ಳುವವರು ಈ ಭಾಗ ಓದುವ ಕಷ್ಟವೇ ಬೇಡ. ಮಾಮೂಲಿ ಸ್ಲಿಪ್ಪಿನಲ್ಲಿ ಅದು ಹಿಡಿಸುವುದು ಅಪರೂಪ. ಡಾಕಿನ ಹೊರತುದಿಯಲ್ಲಿ ಉದ್ದಕ್ಕೆ ಕಟ್ಟುವ ಜಾಗ ಇದೆಯಾ ಅಂತ ಕೇಳಿ.

ಹಂತ 3: ಕೆಳಗೆ ನೀರು ಎಷ್ಟಿದೆ

ಬೋಟು ನೀರಿನೊಳಗೆ ಎಷ್ಟು ಆಳ ಇಳಿದಿರುತ್ತದೋ ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಕಾಗದದ ಡ್ರಾಫ್ಟ್ ಬಹಳ ಸಲ ಖಾಲಿ ಬೋಟಿನದು. ಡೀಸೆಲ್, ನೀರು, ಸಾಮಾನು, ಜನ ತುಂಬಿದ ಮೇಲೆ ಇನ್ನಷ್ಟು ಇಳಿಯುತ್ತದೆ. ಉಪ್ಪುನೀರಿನಿಂದ ಸಿಹಿನೀರಿಗೆ ತಂದರೂ ಕೊಂಚ ಇಳಿಯುತ್ತದೆ. ಸಮುದ್ರದ ನೀರು ಸುಮಾರು 2.5% ಭಾರ, ಹಾಗಾಗಿ ಅಲ್ಲಿ ಬೋಟು ಮೇಲಕ್ಕೆ ತೇಲುತ್ತದೆ. ಸಣ್ಣ ಬೋಟಿಗೆ ಇದು ಒಂದೆರಡು ಸೆಂಟಿಮೀಟರಿನ ವಿಷಯ, ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಉಬ್ಬರ ಇಳಿತ ಮತ್ತು ಹೂಳು. ನಕ್ಷೆಯಲ್ಲಿ ಬರೆದ ಆಳವನ್ನು ಒಂದು ತಗ್ಗಿನ ನೀರಿನ ಮಟ್ಟದಿಂದ ಲೆಕ್ಕ ಹಾಕಿರುತ್ತಾರೆ. ಅದೇ ನಕ್ಷೆಯ ಸೊನ್ನೆ. ಬ್ರಿಟಿಷ್ ನಕ್ಷೆಗಳಲ್ಲಿ ಅದು ಖಗೋಳದ ಲೆಕ್ಕದಲ್ಲಿ ಬರುವ ಅತಿ ತಗ್ಗಿನ ಇಳಿತ. ಅಮೆರಿಕದ ನಕ್ಷೆಗಳಲ್ಲಿ ದಿನದ ಎರಡು ಇಳಿತಗಳಲ್ಲಿ ತಗ್ಗಿನದರ ಸರಾಸರಿ. ಸರಾಸರಿ ಅಂದ ಮೇಲೆ ಎಷ್ಟೋ ದಿನ ನೀರು ಅದಕ್ಕಿಂತ ಕೆಳಗೆ ಹೋಗುತ್ತದೆ ಅಂತಲೇ ಅರ್ಥ. ಸ್ಲಿಪ್ಪಿನೊಳಗೆ ಹೂಳು ಎಷ್ಟು ತುಂಬಿದೆ ಅಂತ ಯಾವ ನಕ್ಷೆಯೂ ನಿಮಗೆ ಹೇಳುವುದಿಲ್ಲ.

ಆದ್ದರಿಂದ ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ನೀವೇ ಅಳೆಯಿರಿ. ಸ್ಲಿಪ್ಪಿನ ಬಾಯಿಯಲ್ಲಿ, ಬೋಟಿನ ತಳದಿಂದ ಕೆಳಕ್ಕೆ ಚಾಚುವ ಕೀಲ್ ಬರುವ ನಡುಭಾಗದಲ್ಲಿ, ಚುಕ್ಕಾಣಿ ಬರುವ ಜಾಗದಲ್ಲಿ ಅಳೆಯಿರಿ. ಅಳೆದ ಗಂಟೆಯನ್ನು ಬರೆದುಕೊಳ್ಳಿ, ಉಬ್ಬರದ ಕೋಷ್ಟಕದಲ್ಲಿ ಆ ಹೊತ್ತಿನ ನೀರಿನ ಎತ್ತರ ನೋಡಿ ಕಳೆಯಿರಿ. ಹಗ್ಗ 2.7 ಮೀಟರ್ ತೋರಿಸಿತು, ಆ ಹೊತ್ತಿನ ಉಬ್ಬರ 1.1 ಮೀಟರ್ ಅಂದರೆ ಸೊನ್ನೆ ಮಟ್ಟದಲ್ಲಿ ನೀರು 1.6 ಮೀಟರ್. ನಿಮ್ಮ ಡ್ರಾಫ್ಟ್ 1.4, ಸಾಮಾನು ತುಂಬಿದ ಮೇಲೆ 1.5. ಮಿಕ್ಕಿದ್ದು 10 ಸೆಂಟಿಮೀಟರ್.

ಸಾಕು ಅನಿಸುತ್ತದೆ. ಆದರೆ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ ಏರಿದರೆ ಸಮುದ್ರದ ಮಟ್ಟ ಹೆಚ್ಚುಕಡಿಮೆ 1 ಸೆಂಟಿಮೀಟರ್ ಇಳಿಯುತ್ತದೆ. ಮಾಮೂಲಿ ಒತ್ತಡ ಸುಮಾರು 1013. ಆಕಾಶ ತಿಳಿಯಾಗಿ ಒತ್ತಡ 1030ಕ್ಕೆ ಏರಿದ ದಿನ 17 ಸೆಂಟಿಮೀಟರ್ ನೀರು ಹೋಯಿತು. ಆ ದಿನ ನೀರು ಸೊನ್ನೆ ಮಟ್ಟದವರೆಗೆ ಇಳಿಯುವ ದೊಡ್ಡ ಇಳಿತವೂ ಕೂಡಿ ಬಂದರೆ ಬೋಟು ನೆಲ ಮುಟ್ಟುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಏರಿಳಿತ ಜಾಸ್ತಿ. ಭೂಮಿಯ ಕಡೆಯಿಂದ ಜೋರಾಗಿ ಬೀಸುವ ಗಾಳಿಯೂ ನೀರನ್ನು ಹೊರಕ್ಕೆ ತಳ್ಳುತ್ತದೆ.

ಮೆತ್ತನೆಯ ಕೆಸರಾದರೆ ಕೀಲ್ ಹೂತು ಕೂತು, ನೀರು ಬಂದಾಗ ಮತ್ತೆ ಏಳುತ್ತದೆ. ಎಷ್ಟೋ ಜನ ಹೀಗೇ ಇಟ್ಟುಕೊಂಡಿದ್ದಾರೆ. ಆದರೆ ಚುಕ್ಕಾಣಿ, ಪ್ರೊಪೆಲರ್ ಹೂಳಿನಲ್ಲಿ ಕೂತರೆ ಅದು ಬೇರೆ ಕಥೆ. ಕೆಸರಿನ ಹತ್ತಿರ ಎಂಜಿನ್ ಚಾಲೂ ಮಾಡಿದರೆ ತಂಪು ಮಾಡುವ ನೀರಿನ ಜೊತೆ ಹೂಳೂ ಒಳಕ್ಕೆ ಹೋಗಿ ಪಂಪು ಕೆಡುತ್ತದೆ. ತಳ ಕಲ್ಲಾಗಿದ್ದರೆ ಆ ಸ್ಲಿಪ್ ಬಿಟ್ಟುಬಿಡಿ.

ಹಂತ 4: ತಲೆಯ ಮೇಲೆ

ಇದು ಚಿಕ್ಕದು. ಸ್ಲಿಪ್ಪಿಗೆ ಬರುವ ದಾರಿಯಲ್ಲಿ ಸೇತುವೆ, ವಿದ್ಯುತ್ ತಂತಿ, ಸ್ಲಿಪ್ಪಿನ ಮೇಲೆ ಚಾವಣಿ ಏನಾದರೂ ಇದೆಯಾ ನೋಡಿ. ಇದ್ದರೆ ನೀರಿನ ಮೇಲ್ಮೈಯಿಂದ ಬೋಟಿನ ಅತಿ ಎತ್ತರದ ಬಿಂದುವಿನವರೆಗೆ ಅಳೆಯಿರಿ. ಆಂಟೆನಾ, ದೀಪ, ರಾಡಾರ್ ಎಲ್ಲ ಸೇರಿ. ಇಲ್ಲಿ ಲೆಕ್ಕ ತಿರುಗುಮುರುಗು. ಕಷ್ಟ ಬರುವುದು ಉಬ್ಬರದಲ್ಲಿ, ಬೋಟು ಖಾಲಿ ಇದ್ದಾಗ. ವಿದ್ಯುತ್ ತಂತಿಯಾದರೆ ಮುಟ್ಟದೇ ಹೋದರೂ ಹತ್ತಿರ ಬಂದರೇ ಕರೆಂಟ್ ಹಾರುತ್ತದೆ. ಅಲ್ಲಿ ಕೂದಲೆಳೆಯ ಲೆಕ್ಕ ಬೇಡ.

ಹಂತ 5: ಒಳಗೆ ಹೋಗುವುದು ಹೇಗೆ

ಅಳತೆಯಲ್ಲಿ ಹಿಡಿಸುವ ಬೋಟು ಒಳಗೆ ಹೋಗಲಾರದೆ ಇರಬಹುದು. ಸ್ಲಿಪ್ಪುಗಳ ಸಾಲಿನ ನಡುವಿನ ಓಡಾಟದ ದಾರಿ, ಅಲ್ಲಿ ಓಡಾಡುವ ಅತಿ ಉದ್ದದ ಬೋಟಿನ ಒಂದೂವರೆ ಪಟ್ಟಾದರೂ ಅಗಲ ಇರಬೇಕು ಅನ್ನುವುದು ಮರೀನಾ ಕಟ್ಟುವವರ ಹಳೆಯ ಲೆಕ್ಕ. 1.75 ಪಟ್ಟು ಇದ್ದರೆ ಆರಾಮ. 12 ಮೀಟರ್ ಬೋಟಿಗೆ 18 ಮೀಟರ್ ಬೇಕು, 21 ಇದ್ದರೆ ಒಳ್ಳೆಯದು. ಆದರೆ ಇದನ್ನು ಫಿಂಗರ್ ತುದಿಯಿಂದ ಎದುರಿನ ಫಿಂಗರ್ ತುದಿಗೆ ಅಳೆಯಬೇಡಿ. ಎರಡೂ ಕಡೆ ಬೋಟುಗಳ ಹಿಂಭಾಗ ಹೊರಗೆ ಚಾಚಿರುತ್ತದೆ. ನಿಮಗೆ ನಿಜಕ್ಕೂ ಸಿಗುವ ಜಾಗ ಆ ಚಾಚಿದ ತುದಿಗಳ ನಡುವಿನದು. ರಜಾದಿನದ ಸಂಜೆ, ಎಲ್ಲ ಬೋಟುಗಳು ವಾಪಸ್ ಬಂದ ಮೇಲೆ ಹೋಗಿ ನೋಡಿ.

ಬೋಟು ಯಾವ ಕಡೆಗೆ ಚೆನ್ನಾಗಿ ತಿರುಗುತ್ತದೆ ಅನ್ನುವುದೂ ಮುಖ್ಯ. ಒಂದೇ ಪ್ರೊಪೆಲರ್ ಇದ್ದು, ಬೋಟು ಮುಂದಕ್ಕೆ ಹೋಗುವಾಗ ಅದು ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗುವಂಥದ್ದಾದರೆ, ರಿವರ್ಸ್ ಹಾಕಿದಾಗ ಹಿಂಭಾಗ ಎಡಕ್ಕೆ ಎಳೆಯುತ್ತದೆ. ಸ್ಲಿಪ್ಪಿನ ದಿಕ್ಕಿಗೆ ಇದು ಹೊಂದಿದರೆ ವರ, ಹೊಂದದಿದ್ದರೆ ಪ್ರತಿ ಸಲ ಜಗಳ. ಎತ್ತರದ ಬೋಟಿಗೆ ಗಾಳಿಯೂ ಜಾಸ್ತಿ ಹೊಡೆಯುತ್ತದೆ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಇದ್ದರೆ ಅರ್ಧ ತಲೆನೋವು ಕಡಿಮೆ.

ಹಂತ 6: ಕಟ್ಟಿದ ಮೇಲೆ ಬದುಕುವುದು

ಫಿಂಗರ್ ಉದ್ದ ಅಳೆಯಿರಿ. ಬಹಳ ಕಡೆ ಅದು ಬೋಟಿಗಿಂತ ಚಿಕ್ಕದು. ನಿಮ್ಮ ಬೋಟು ಹತ್ತುವ ಬಾಗಿಲು ಹಿಂಭಾಗದಲ್ಲಿದ್ದು, ನೀವು ಮೂತಿ ಒಳಗೆ ಹಾಕಿ ನಿಲ್ಲಿಸುವವರಾದರೆ, ಬಾಗಿಲು ಫಿಂಗರ್ ತುದಿಯಿಂದಾಚೆ ನೀರಿನ ಮೇಲೆ ಬರುತ್ತದೆ. ಸಾಮಾನು ಹಿಡಿದು ಹಾರಬೇಕು. ಸೀಮೆಸುಣ್ಣದಿಂದ ಕಟ್ಟೆಯ ಮೇಲೆ ಬೋಟಿನ ಉದ್ದ ಎಳೆದು, ಬಾಗಿಲು, ಹಗ್ಗ ಸುತ್ತಿ ಕಟ್ಟುವ ಕ್ಲೀಟುಗಳು, ಕರೆಂಟಿನ ಸಾಕೆಟ್ ಎಲ್ಲಿ ಬರುತ್ತವೆ ಅಂತ ಗುರುತು ಹಾಕಿ. ಮೂತಿ ಒಳಗೆ ಹಾಕಿ ಒಮ್ಮೆ, ಹಿಂಭಾಗ ಒಳಗೆ ಹಾಕಿ ಒಮ್ಮೆ. ಯಾವುದು ವಾಸಿ ಅಂತ ಕಣ್ಣಿಗೇ ಕಾಣುತ್ತದೆ. ಮೂತಿ ಒಳಗಿದ್ದರೆ ಲಂಗರು ನಡೆಯುವ ದಾರಿಯ ಮೇಲೆ ಚಾಚುತ್ತದಾ, ಯಾರ ಹಣೆಯ ಮಟ್ಟಕ್ಕೆ ಬರುತ್ತದೆ ಅಂತಲೂ ನೋಡಿ.

ಕಟ್ಟೆ ತೇಲುವಂಥದ್ದಾದರೆ ಬೋಟಿನ ಜೊತೆಗೇ ಏರಿ ಇಳಿಯುತ್ತದೆ, ಚಿಂತೆ ಕಡಿಮೆ. ಕಂಬದ ಮೇಲೆ ನಿಂತ ಸ್ಥಿರ ಕಟ್ಟೆಯಾದರೆ ಹುಷಾರು. ಇಳಿತದಲ್ಲಿ ಪ್ಲಾಟ್‌ಫಾರ್ಮ್ ಅಥವಾ ಬದಿಯ ಪಟ್ಟಿ ಕಟ್ಟೆಯ ಅಡಿಗೆ ನುಸುಳಬಹುದು. ನೀರು ಏರತೊಡಗಿದಾಗ ಕಟ್ಟೆ ಅದನ್ನು ಮೇಲೇಳಲು ಬಿಡುವುದಿಲ್ಲ. ಬೋಟು ಒಂದು ಕಡೆ ಅದುಮಿಕೊಂಡು ಒಳಗೆ ನೀರು ತುಂಬುತ್ತದೆ. ನೀವು ಮನೆಯಲ್ಲಿ ಮಲಗಿರುವಾಗಲೇ ಇದು ನಡೆಯುವುದು. ಪ್ಲಾಟ್‌ಫಾರ್ಮಿನ ಎತ್ತರ ಮತ್ತು ಇಳಿತದಲ್ಲಿ ಕಟ್ಟೆಯ ಅಡಿಯ ಎತ್ತರ, ಎರಡನ್ನೂ ಹೋಲಿಸಿ ನೋಡಿ. ಬೋಟು ಕಟ್ಟೆಯಡಿಗೆ ಜಾರದಂತೆ ಕಂಬಗಳ ಕಡೆಗೆ ಎಳೆದು ಕಟ್ಟಲು ಜಾಗ ಬೇಕು. ಹಾಗಾದರೆ ಅಗಲದ ಲೆಕ್ಕ ಮತ್ತೊಮ್ಮೆ ಮಾಡಬೇಕು.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಯುರೋಪಿನ ಕಡೆ 16 ಅಥವಾ 32 ಆಂಪಿಯರ್, ಅಮೆರಿಕದ ಕಡೆ 30 ಅಥವಾ 50 ಆಂಪಿಯರ್ ಸಾಕೆಟ್ ಸಾಮಾನ್ಯ. ಪ್ಲಗ್ಗಿನ ಆಕಾರ ಬೇರೆ ಬೇರೆ. ನಿಮ್ಮ ಬೋಟಿನದು ಯಾವುದು, ಕೇಬಲ್ ಎಟುಕುತ್ತದಾ ನೋಡಿಕೊಳ್ಳಿ.

ಹಂತ 7: ಆಫೀಸಿನಲ್ಲಿ ಕೇಳಬೇಕಾದ್ದು

ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅವರ ಪ್ರಕಾರ ಬೋಟಿನ ಉದ್ದ ಅಂದರೆ ಏನೇನು ಸೇರುತ್ತದೆ? ಸ್ಲಿಪ್ಪಿನ ಬಾಯಿಯಿಂದ ಹೊರಗೆ ಎಷ್ಟು ಚಾಚಬಹುದು? ಬಾಡಿಗೆ ಸ್ಲಿಪ್ಪಿನ ಉದ್ದಕ್ಕೋ, ಬೋಟಿನ ಉದ್ದಕ್ಕೋ, ಎರಡರಲ್ಲಿ ದೊಡ್ಡದಕ್ಕೋ? ಕೊನೆಯ ಸಲ ಹೂಳು ತೆಗೆದದ್ದು ಯಾವಾಗ? ಈಗಿನ ಒಪ್ಪಂದ ಹಳೆಯ ಬೋಟಿನ ಹೆಸರಿನಲ್ಲಿದ್ದರೆ ಹೊಸದಕ್ಕೆ ಅದೇ ಸ್ಲಿಪ್ ಉಳಿಯುತ್ತದಾ, ಇಲ್ಲ ಮತ್ತೆ ಸರದಿಗೆ ನಿಲ್ಲಬೇಕಾ? ಬಾಯಿಮಾತಿನ "ಆಗುತ್ತೆ ಬಿಡಿ" ಬೇಡ, ಕಾಗದದಲ್ಲಿ ಬರೆಸಿಕೊಳ್ಳಿ.

ಬೋಟು ಮಾರುವವರ ಹತ್ತಿರವೂ ಒಂದು ಸಾಲು ಬರೆಸಿ: ಅಳತೆ ಇಂತಿಷ್ಟು, ಮರೀನಾ ಒಪ್ಪಿದರೆ ಮಾತ್ರ ಖರೀದಿ, ಇಲ್ಲದಿದ್ದರೆ ಅಡ್ವಾನ್ಸ್ ವಾಪಸ್. ಮುಖ ಗಂಟಿಕ್ಕಬಹುದು. ಆದರೆ ಅಳತೆ ಸರಿ ಅಂತ ಅವರಿಗೇ ನಂಬಿಕೆ ಇದ್ದರೆ ಬರೆದುಕೊಡಲು ಏನು ಕಷ್ಟ?

ಬೋಟು ಬರುವ ದಿನ ಗಾಳಿ ಇಲ್ಲದ ಬೆಳಗ್ಗೆ, ನೀರಿನ ಹರಿವು ನಿಂತ ಹೊತ್ತು ನೋಡಿಕೊಂಡು ಒಳಗೆ ತನ್ನಿ. ಕಟ್ಟೆಯ ಮೇಲೆ ಇಬ್ಬರು ಇರಲಿ. ಫೆಂಡರ್ ಎರಡೂ ಬದಿಗೆ ಮೊದಲೇ ಇಳಿಸಿ. ಕಟ್ಟಿ ಮುಗಿಸಿದ ತಕ್ಷಣ ಮನೆಗೆ ಹೋಗಬೇಡಿ, ಒಂದು ಇಳಿತ ಪೂರ್ತಿ ನಿಂತು ನೋಡಿ. ಆಮೇಲೆ ಬರುವ ಮೊದಲ ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತಕ್ಕೆ, ಅದು ರಾತ್ರಿ ಎರಡು ಗಂಟೆಗೇ ಇರಲಿ, ಟಾರ್ಚ್ ಹಿಡಿದು ಹೋಗಿ. ಹಗ್ಗ ಬಿಗಿದು ಬೋಟನ್ನು ನೇತುಹಾಕಿದೆಯಾ, ಪ್ಲಾಟ್‌ಫಾರ್ಮ್ ಕಟ್ಟೆಯ ಅಡಿಗೆ ಸರಿದಿದೆಯಾ, ಚುಕ್ಕಾಣಿಯ ಸುತ್ತ ನೀರು ಕಲಕಿ ಕೆಂಪಾಗಿದೆಯಾ ನೋಡಿ. ಹಗ್ಗದ ಸಡಿಲು ಎಷ್ಟು ಬೇಕು ಅಂತ ಅವತ್ತೇ ಗುರುತು ಹಾಕಿ, ಕ್ಲೀಟಿಗೆ ಸುತ್ತುವ ಜಾಗದಲ್ಲಿ ಬಣ್ಣದ ದಾರ ಕಟ್ಟಿಬಿಡಿ.